ಇನ್ನೊಮ್ಮೆ ಮೇಡಂ ಮತ್ತು ಗಾಜಿನ ಪಾತ್ರೆ

ಅವಳಿಗೆ ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದಿತ್ತು. ಆದರೆ ಕಾಲೇಜಿನ ಗೇಟು ದಾಟಿದರೆ ಆ ಹೆಸರು ಯಾರ ಬಾಯಿಗೂ ಸುಲಭಕ್ಕೆ ಬರುತ್ತಿರಲಿಲ್ಲ. ‘ಇನ್ನೊಮ್ಮೆ ಮೇಡಂ ಎಲ್ಲಿ?’ ಎಂದು ಕೇಳಿದರೆ ಮಾತ್ರ ಗೇಟಿನ ಕಾವಲುಗಾರನೂ ಮೂಲೆಯ ಕಟ್ಟಡದ ಕಡೆ ಗದ್ದ ಎತ್ತಿ ತೋರಿಸುತ್ತಿದ್ದ. ವಿದ್ಯಾರ್ಥಿಗಳು ಸಕ್ಕರೆ ತೂಗಿ ತಂದರೆ ‘ಇನ್ನೊಮ್ಮೆ ತೂಗಿ’ ಎನ್ನುತ್ತಿದ್ದಳು. ಕೊಳವೆ ಬಿಗಿದರೆ ‘ಇನ್ನೊಮ್ಮೆ ಬಿಗಿಯಿರಿ’ ಎನ್ನುತ್ತಿದ್ದಳು. ಸಂಜೆ ಲ್ಯಾಬಿಗೆ ಬೀಗ ಹಾಕಿ, ಮೆಟ್ಟಿಲಿಳಿದು, ಅರ್ಧ ಅಂಗಳ ದಾಟಿದವಳು ತಿರುಗಿ ಬಂದು ಬೀಗವನ್ನು ಮೂರು ನಾಲ್ಕು ಸಲ ಜಗ್ಗಿ ನೋಡುತ್ತಿದ್ದಳು. ಬೀಗ ಹಾಕಿಯೇ ಇರುತ್ತಿತ್ತು. ಅದು ಅವಳಿಗೂ ಗೊತ್ತಿರುತ್ತಿತ್ತು.

ಇದು ನಿನ್ನೆ ಮೊನ್ನೆಯ ಚಾಳಿಯಲ್ಲ. ಮಗಳು ಹಸುಗೂಸಾಗಿದ್ದಾಗ, ಅದು ನಿದ್ದೆಹೋದರೆ ಸಾಕು, ಇವಳ ಜೀವ ಬಾಯಿಗೆ ಬರುತ್ತಿತ್ತು. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳು ಹಿಡಿಯುವಳು. ಬೆಚ್ಚಗೆ ತಾಗುವುದು. ಎದ್ದು ಬಾಗಿಲವರೆಗೆ ಹೋಗುವಷ್ಟರಲ್ಲಿ, ತಾಗಿದ್ದು ಉಸಿರೋ ತನ್ನ ಭ್ರಮೆಯೋ ಎಂಬ ಅನುಮಾನ. ಮತ್ತೆ ಬೆರಳು. ಕೊನೆಗೆ ಕೂಸು ಕಿಟಾರನೆ ಕಿರುಚಿಕೊಂಡು ಎದ್ದೇಬಿಡುತ್ತಿತ್ತು. ಅವಳ ಗಂಡ ಬಸ್ ಡಿಪೋದಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವವನು, ಯಾವುದಕ್ಕೂ ದನಿ ಏರಿಸದ ಮನುಷ್ಯ. ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಾ ಹೇಳುತ್ತಿದ್ದ:

“ನೋಡಮ್ಮ ಮಗಳೇ, ನೀನು ಚೆನ್ನಾಗಿ ಮಲಗಿದೀಯಾ ಅಂತ ಕೇಳೋಕೆ ನಿಮ್ಮಮ್ಮ ನಿನ್ನ ಎಬ್ಬಿಸಿದ್ಲು.”

ಮಗಳು ಈಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ. ಆ ಮಾತು ಮಾತ್ರ ಮನೆಯಲ್ಲಿ ಹಾಗೇ ಉಳಿದಿದೆ.

ಅವಳು ಕಲಿಸುತ್ತಿದ್ದದ್ದು ಬಯೋಪ್ರೊಸೆಸ್ ಎಂಜಿನಿಯರಿಂಗ್. ಕಣ್ಣಿಗೆ ಕಾಣದ ಜೀವಗಳನ್ನು ಪಾತ್ರೆಯಲ್ಲಿ ಸಾಕಿ, ಹದವಾದ ಶಾಖ, ಗಾಳಿ, ಆಹಾರ ಕೊಟ್ಟು, ಅವುಗಳಿಂದ ಔಷಧಿಯನ್ನೋ ಇನ್ನೇನನ್ನೋ ಮಾಡಿಸಿಕೊಳ್ಳುವ ವಿದ್ಯೆ. ಲ್ಯಾಬಿನ ಜೀವಾಳವೆಂದರೆ ಒಂದು ಗಾಜಿನ ಫರ್ಮೆಂಟರ್. ಎರಡು ಲೀಟರ್ ಹಿಡಿಯುವ ಪಾತ್ರೆ, ಮೇಲೆ ಉಕ್ಕಿನ ಮುಚ್ಚಳ, ಮುಚ್ಚಳದಿಂದ ಒಳಕ್ಕೆ ಇಳಿಬಿದ್ದ ಕೊಳವೆಗಳು ಮತ್ತು ಶಾಖ, ಆಮ್ಲಜನಕ ಅಳೆಯುವ ಕಡ್ಡಿಯಂಥ ಪ್ರೋಬುಗಳು. ಅವಳು ಕೆಲಸಕ್ಕೆ ಸೇರಿದ ವರ್ಷವೇ ಅದೂ ಬಂದಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಹಳಬರಾಗಿದ್ದರು.

ಹೋದ ವರ್ಷ ಫರ್ಮೆಂಟರಿನ ಶಾಖ ಕಾಯುವ ಕಂಟ್ರೋಲರ್ ಸುಟ್ಟುಹೋಯಿತು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವೋ ಆಗಿತ್ತು. ವಿಭಾಗದ ಮುಖ್ಯಸ್ಥರು ಕರೆಸಿ, ಸುತ್ತಿ ಬಳಸದೆ ಹೇಳಿದರು.

“ನೋಡಿ ಮೇಡಂ, ಈ ಸಲ ಪ್ರಾಕ್ಟಿಕಲ್‌ಗೆ ಹೊರಗಿನಿಂದ ಪರೀಕ್ಷಕರು ಬರ್ತಾರೆ. ಅವರ ಮುಂದೆ ಆ ಪಾತ್ರೆಯಲ್ಲಿ ಏನಾದ್ರೂ ಬದುಕಿದ್ರೆ ನಿಮ್ಮ ವಿಷಯಾನೂ ಬದುಕುತ್ತೆ. ಇಲ್ಲಾಂದ್ರೆ ಮುಂದಿನ ವರ್ಷದಿಂದ ಆ ರೂಮು ಕಂಪ್ಯೂಟರ್‌ನವರಿಗೆ. ಅವರ ಮಕ್ಕಳಿಗೆ ಕೂರೋಕೇ ಜಾಗ ಇಲ್ಲ.”

“ಹಾಗಾದ್ರೆ ನಾನು, ಸರ್?”

“ನಿಮಗೇನು. ಆಫೀಸಿನಲ್ಲಿ ಎಲ್ಲಾದ್ರೂ ಒಂದು ಕುರ್ಚಿ ಹಾಕಿಸೋಣ.”

ಆ ಕುರ್ಚಿ ಅವಳ ಕಣ್ಣಿಗೆ ಕಟ್ಟಿಬಿಟ್ಟಿತು. ಕಿಟಕಿಯಿಲ್ಲದ ಗೋಡೆಗೆ ಮುಖಮಾಡಿ ಕೂತ, ಕೈಯಿಲ್ಲದ ಒಂದು ಕುರ್ಚಿ. ಅನ್ನಕ್ಕೆ ಕೂತರೂ ಅದೇ, ಬಸ್ಸು ಹತ್ತಿದರೂ ಅದೇ.

ಪಾತ್ರೆಯನ್ನು ಎಬ್ಬಿಸಿ ನಿಲ್ಲಿಸಲು ಮೂರು ವಿಷಯಗಳು ಒಂದೇ ಮೇಜಿಗೆ ಬರಬೇಕಾಯಿತು. ಕಂಟ್ರೋಲರ್ ಬೋರ್ಡನ್ನು ಎಲೆಕ್ಟ್ರಾನಿಕ್ಸ್‌ನ ಮೇಷ್ಟ್ರು ಮಾಡಿಕೊಟ್ಟರು. ಅವರಿಗೆ ‘ಫ್ಯೂಸ್ ಮೇಷ್ಟ್ರು’ ಎಂದು ಹೆಸರು. ಭಗ್ಗನೆ ಉರಿದು, ಆಮೇಲೆ ಗಂಟೆಗಟ್ಟಲೆ ಮಾತಿಲ್ಲದೆ ಕತ್ತಲಾಗಿ ಕೂರುವವರು. ಬೋರ್ಡಿಗೆ ಬುದ್ಧಿ ಹೇಳುವ ಪ್ರೋಗ್ರಾಂ ಬರೆದದ್ದು ಕಂಪ್ಯೂಟರಿನ ಮೊದಲ ಪಾಠ ಕಲಿಯುತ್ತಿದ್ದ ಒಬ್ಬ ಹುಡುಗಿ. ಸಾಲಿನ ಕೊನೆಯ ಒಂದು ಚಿಹ್ನೆ ಬಿಟ್ಟು ಬಿಟ್ಟೇ ಕಳೆದ ಪರೀಕ್ಷೆಯಲ್ಲಿ ನಪಾಸಾಗಿದ್ದ ಅವಳನ್ನು ಗೆಳತಿಯರು ‘ಸೆಮಿಕೋಲನ್’ ಎಂದೇ ಕರೆಯುತ್ತಿದ್ದರು. ಅವಳೂ ಆ ಹೆಸರಿಗೇ ‘ಏನ್ರೇ’ ಎಂದು ತಿರುಗುತ್ತಿದ್ದಳು. ಅವಳು ಬರೆದ ಪ್ರೋಗ್ರಾಂ ಬಹಳ ಸರಳ. ಶಾಖದ ಪ್ರೋಬ್ ಮೂವತ್ತು ಡಿಗ್ರಿಗಿಂತ ಕಡಿಮೆ ತೋರಿಸಿದರೆ ಪಾತ್ರೆಗೆ ಸುತ್ತಿದ ಹೀಟರ್ ಹಚ್ಚು, ಹೆಚ್ಚು ತೋರಿಸಿದರೆ ಆರಿಸು.

ಹಳೆಯ ಶಾಖದ ಪ್ರೋಬ್ ಕಂಟ್ರೋಲರಿನ ಜೊತೆಗೇ ಸತ್ತಿತ್ತು. ಮೇಷ್ಟ್ರು ತಂದ ಹೊಸದು ಗಿಡ್ಡ. ಮುಚ್ಚಳದಿಂದ ಇಳಿಸಿದರೆ ಅದರ ತುದಿ ದ್ರವದಲ್ಲಿ ಎರಡು ಬೆರಳಿನಷ್ಟು ಮಾತ್ರ ಮುಳುಗುತ್ತಿತ್ತು.

“ಇಷ್ಟು ಸಾಕಾ ಸರ್? ಇನ್ನೊಮ್ಮೆ ನೋಡಿ,” ಎಂದಿದ್ದಳು.

“ಮುಳುಗಿದೆಯಲ್ಲ ಮೇಡಂ. ಸ್ನಾನ ಮಾಡಿಸ್ಬೇಕಾ ಅದಕ್ಕೆ?”

ಪರೀಕ್ಷೆಯ ದಿನ ಬೆಳಕು ಹರಿಯುವ ಹೊತ್ತಿಗೇ ಅವಳು ಬಂದು, ಕುದಿಸಿ ಶುದ್ಧಮಾಡಿಟ್ಟ ಸಕ್ಕರೆಯ ದ್ರಾವಣದ ಪಾತ್ರೆಗೆ ಯೀಸ್ಟ್ ಬಿಟ್ಟಳು. ಪರೀಕ್ಷಕರು ಬರುವುದು ಊಟದ ನಂತರ. ಅಷ್ಟರಲ್ಲಿ ಯೀಸ್ಟ್ ಚಿಗುರಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ತಿಳಿಯಾದ ದ್ರಾವಣ ಹಾಲಿನ ಹಾಗೆ ಮಬ್ಬಾಗಬೇಕು. ಗಂಟೆಗೊಮ್ಮೆ ಸಿರಿಂಜಿನಿಂದ ಸ್ಯಾಂಪಲ್ ತೆಗೆದು, ಎಷ್ಟು ಬೆಳೆದಿದೆ ಎಂದು ನೋಡಬೇಕು. ಸ್ಯಾಂಪಲ್ ತೆಗೆಯುವುದಕ್ಕೂ ಒಂದು ಕ್ರಮವಿದೆ. ಕೊಳವೆಯಲ್ಲಿ ನಿಂತಿದ್ದ ಹಳೆಯದನ್ನು ಮೊದಲು ಎಳೆದು, ಬ್ಲೀಚ್ ಹಾಕಿದ ಜಗ್ಗಿಗೆ ಚೆಲ್ಲಬೇಕು. ಆಮೇಲೆ ಬಂದದ್ದೇ ನಿಜವಾದ ಸ್ಯಾಂಪಲ್. ಹಾಗೆ ಪ್ರತಿ ಸಲವೂ ನೋಡುವುದು ಒಂದು ಪಾಲು, ಚೆಲ್ಲುವುದು ಎರಡು ಪಾಲು.

ಮೊದಲ ಸ್ಯಾಂಪಲ್ ಚೆನ್ನಾಗಿ ಬಂತು. ಸೂಕ್ಷ್ಮದರ್ಶಕದ ಕೆಳಗೆ ಯೀಸ್ಟ್ ಮೊಗ್ಗು ಬಿಟ್ಟುಕೊಂಡು ಕೂತಿತ್ತು. ಅವಳು ಕಣ್ಣೆತ್ತಿದಳು. ಸಮಾಧಾನ ಎಷ್ಟು ಹೊತ್ತು ಇರಬೇಕೋ ಅಷ್ಟು ಹೊತ್ತು ಇತ್ತು. ಆಮೇಲೆ ಅನ್ನಿಸಿತು, ನಾನು ನೋಡಿದ ತೊಟ್ಟು ಮಾತ್ರ ಚೆನ್ನಾಗಿದ್ದು ಉಳಿದದ್ದು ಕೆಟ್ಟಿದ್ದರೆ? ಗಂಟೆಗೆ ಕಾಯದೆ ಇನ್ನೊಂದು ತೆಗೆದಳು. ಅದೂ ಚೆನ್ನಾಗಿತ್ತು. ಗಾಜು ತೊಳೆದಿದ್ದು ಸರಿಯಾಗಿತ್ತೋ ಇಲ್ಲವೋ ಎಂದು ಮತ್ತೊಂದು. ಸೆಮಿಕೋಲನ್ ಪಕ್ಕದ ಸ್ಟೂಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು, ಶಾಖದ ಅಂಕಿ ನೋಡುತ್ತಾ ಕೂತಿದ್ದಳು. ಮೂವತ್ತು. ಮೂವತ್ತು ಚಿಲ್ಲರೆ. ಮೂವತ್ತು. ಬೋರ್ಡಿನ ಮೇಲಿನ ರಿಲೇ ಆಗಾಗ ‘ಟಿಕ್’ ಎಂದು ಹೀಟರನ್ನು ಹಚ್ಚುವುದು, ‘ಟಿಕ್’ ಎಂದು ಆರಿಸುವುದು.

“ಮೇಡಂ, ಈಗ ತಾನೇ ನೋಡಿದ್ರಲ್ಲ.”

“ಇನ್ನೊಮ್ಮೆ ನೋಡಿದ್ರೆ ಗಂಟೇನು ಹೋಗತ್ತೆ?”

ಹುಡುಗಿ ಮತ್ತೆ ಅಂಕಿಯ ಕಡೆ ತಿರುಗಿದಳು. ದ್ರವದ ಮೇಲೆ ನೊರೆ ಕಟ್ಟಿ, ಬಿಳಿಯ ದಪ್ಪ ಪದರವೊಂದು ಗಾಜಿಗೆ ಅಂಟಿಕೊಂಡಿತ್ತು. ಕೆಳಗಿನಿಂದ ಹೀಟರಿನ ಪಟ್ಟಿ, ಮೇಲಿನಿಂದ ನೊರೆ. ನಡುವೆ ದ್ರವ ಎಲ್ಲಿಗೆ ಮುಗಿಯುತ್ತದೆ, ನೊರೆ ಎಲ್ಲಿಂದ ಶುರುವಾಗುತ್ತದೆ ಎಂದು ಯಾರೂ ನೋಡಲಿಲ್ಲ. ನೋಡಿದ್ದರೂ ಕಾಣುತ್ತಿರಲಿಲ್ಲ.

ನಡುಹಗಲು ದಾಟಿರಬೇಕು. ರಿಲೇಯ ಟಿಕ್ ಟಿಕ್ ನಿಂತದ್ದು ಮೊದಲು ಅವಳ ಕಿವಿಗೇ ಬಿತ್ತು.

“ಏನಮ್ಮಾ ಅದು?”

“ಶಾಖ ಇಳೀತಿದೆ ಮೇಡಂ. ಇಪ್ಪತ್ತೊಂಬತ್ತು. ಹೀಟರ್ ಹತ್ಕೊಂಡೇ ಇದೆ, ಆರ್ತಾನೇ ಇಲ್ಲ. ಆದ್ರೂ ಇಳೀತಿದೆ.”

ಫ್ಯೂಸ್ ಮೇಷ್ಟ್ರಿಗೆ ಕರೆ ಹೋಯಿತು. ಬಂದವರೇ ಒಂದು ತಂತಿ ಹಿಡಿದು ಅಲ್ಲಾಡಿಸಿ, ಸೆಮಿಕೋಲನ್ ಕಡೆ ತಿರುಗಿದರು.

“ಏನಮ್ಮ ಬರೆದಿದೀಯಾ ನೀನು? ಎಲ್ಲಿ ಬಿಟ್ಟೆ ಈ ಸಲ ನಿನ್ನ ಸೆಮಿಕೋಲನ್ನು?”

“ಬಿಟ್ಟಿದ್ರೆ ಪ್ರೋಗ್ರಾಂ ಓಡೋದೇ ಇಲ್ಲ ಸರ್. ಬೆಳಿಗ್ಗೆಯಿಂದ ಓಡ್ತಿದೆ. ನಿಮ್ಮ ವೈರೇ ಎಲ್ಲೋ ಸಡಿಲ ಆಗಿರ್ಬೇಕು.”

“ನನ್ನ ವೈರಾ? ಸರ್ವೀಸು ಮಾಡ್ತಾ ತಲೆ ನೆರೀತು ನನಗೆ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ.”

“ನೆಲ ಮಾಡಿದೋರು ನೀವೇ ಅಲ್ವಾ ಸರ್?”

ಎತ್ತು ಏರಿಗೆ, ಕೋಣ ನೀರಿಗೆ. ಮೇಷ್ಟ್ರು ಬೋರ್ಡಿನ ಮುಚ್ಚಳ ಬಿಚ್ಚಿದರು. ಹುಡುಗಿ ಪ್ರೋಗ್ರಾಮಿನ ಸಾಲುಗಳ ಮೇಲೆ ಬೆರಳಿಟ್ಟು ಓದತೊಡಗಿದಳು. ಅಂಕಿ ಇಪ್ಪತ್ತೆಂಟಕ್ಕೆ ಇಳಿಯಿತು. ಕಿಟಕಿಯಾಚೆ ಅಂಗಳದಲ್ಲಿ ಮುಖ್ಯಸ್ಥರು ಬಿಳಿ ಕಾರಿಗಾಗಿ ರಸ್ತೆ ನೋಡುತ್ತಾ ನಿಂತಿರುವುದು ಕಾಣುತ್ತಿತ್ತು. ಚಳಿಯಲ್ಲಿ ಯೀಸ್ಟ್ ಮಂಕಾಗುತ್ತಿದೆ, ಪರೀಕ್ಷಕರು ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ ಎಂದು ಅವಳ ಮನಸ್ಸು ಕೂಗುತ್ತಿತ್ತು. ಕೈಗೆ ಗೊತ್ತಿದ್ದ ಕೆಲಸ ಒಂದೇ. ಸಿರಿಂಜು ತೆಗೆದುಕೊಂಡು ಮತ್ತೊಂದು ಸ್ಯಾಂಪಲ್ ಎಳೆದಳು. ಹಳೆಯದನ್ನು ಚೆಲ್ಲಲು ಜಗ್ಗಿನ ಕಡೆ ವಾಲಿದಳು.

ಜಗ್ಗು ತುಂಬಿತ್ತು. ಇನ್ನೊಂದು ತೊಟ್ಟು ಹಾಕಿದರೆ ಚೆಲ್ಲುವಂತೆ, ಅಂಚಿನವರೆಗೆ ತುಂಬಿತ್ತು.

ಬೆಳಿಗ್ಗೆ ಅದರ ತಳದಲ್ಲಿ ಬ್ಲೀಚ್ ನೀರು ಎರಡು ಬೆರಳಿನಷ್ಟು ಹಾಕಿದ್ದಳು. ಉಳಿದದ್ದು ಎಲ್ಲಿಂದ ಬಂತು? ಅವಳು ಜಗ್ಗನ್ನು ನೋಡಿದಳು. ಪಾತ್ರೆಯನ್ನು ನೋಡಿದಳು. ಕೈಯಲ್ಲಿದ್ದ ಸಿರಿಂಜನ್ನು ನೋಡಿದಳು. ಮೆಲ್ಲಗೆ ಹೋಗಿ, ಹೀಟರಿನ ಪಟ್ಟಿಯ ಮೇಲಂಚಿನಲ್ಲಿ, ಬರಿಯ ಗಾಜಿಗೆ ಅಂಗೈ ಒತ್ತಿದಳು. ಒತ್ತಿದ ಕೈ ತಾನಾಗಿಯೇ ಹಿಂದಕ್ಕೆ ಬಂತು. ಚುರುಗುಟ್ಟುವಷ್ಟು ಬಿಸಿ.

“ಹೀಟರ್ ಆರಿಸಿ,” ಎಂದಳು.

“ಮೇಡಂ, ಇನ್ನೂ ತಣ್ಣಗಾಗತ್ತೆ—”

“ಆರಿಸಮ್ಮಾ. ಒಳಗೆ ಬೇಯ್ತಾ ಇದೆ.”

ಹುಡುಗಿ ಆರಿಸಿದಳು. ಫ್ಯೂಸ್ ಮೇಷ್ಟ್ರು ಬಿಚ್ಚಿದ ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡೇ ನಿಂತರು.

“ವೈರೂ ಸರಿಯಿದೆ, ಪ್ರೋಗ್ರಾಮೂ ಸರಿಯಿದೆ,” ಎಂದಳು. ದನಿ ಅವಳದೇ ಅನ್ನಿಸುತ್ತಿರಲಿಲ್ಲ. “ಬೆಳಿಗ್ಗೆಯಿಂದ ನಾನು ತೆಗೆದೂ ತೆಗೆದೂ ಒಳಗಿನ ನೀರು ಇಳಿದಿದೆ. ಪ್ರೋಬಿನ ತುದಿ ಈಗ ಮೇಲೆ, ನೊರೆಯಲ್ಲಿ, ಗಾಳಿಯಲ್ಲಿದೆ. ಗಾಳಿ ತಣ್ಣಗಿದೆ ಅಂತ ಅದು ಹೇಳ್ತಿದೆ. ಹೀಟರ್ ಪಾಪ, ಅದು ಹೇಳಿದ ಮಾತು ಕೇಳ್ತಿದೆ.”

ಸಾಕುವವಳೇ ನೀರು ಬತ್ತಿಸಿ ಒಲೆಗೆ ಇಟ್ಟಂತಾಗಿತ್ತು. ಬದುಕಿದೆಯೇ ಬದುಕಿದೆಯೇ ಎಂದು ಕೇಳಿ ಕೇಳಿಯೇ ಅವಳು ಅದನ್ನು ಸಾವಿನ ಬಾಗಿಲಿಗೆ ತಂದು ನಿಲ್ಲಿಸಿದ್ದಳು. ಮಗಳನ್ನು ಹೆಗಲಿಗೆ ಹಾಕಿಕೊಂಡು ಓಡಾಡುವ ಗಂಡನ ಬೆನ್ನು ಎಲ್ಲಿಂದಲೋ ಕಣ್ಣ ಮುಂದೆ ಬಂತು.

ಸೆಮಿಕೋಲನ್ನೇ ಮೊದಲು ಎಚ್ಚೆತ್ತಳು. “ಮೇಲಿಂದ ತುಂಬಿಸೋಕೆ ಏನಾದ್ರೂ ಇದೆಯಾ ಮೇಡಂ? ಶುದ್ಧ ಮಾಡಿದ್ದು?”

ಇತ್ತು. ಒಂದು ಬೇಕಾದ ಕಡೆ ಎರಡು ಮಾಡಿಡುವವಳ ಲ್ಯಾಬಿನಲ್ಲಿ ಇಲ್ಲದೆ ಇರುತ್ತದೆಯೇ. ಕುದಿಸಿ ಆರಿಸಿದ ದ್ರಾವಣದ ಇನ್ನೊಂದು ಬಾಟಲಿ ಕಪಾಟಿನಲ್ಲಿ, ಬಾಯಿಗೆ ಕಾಗದ ಕಟ್ಟಿಕೊಂಡು ಕೂತಿತ್ತು. ಅವಳು ಕೊಳವೆ ಜೋಡಿಸಿದಳು. ಮೇಷ್ಟ್ರು ಬಾಟಲಿ ಎತ್ತಿ ಹಿಡಿದರು. ತಣ್ಣನೆಯ ದ್ರಾವಣ ಇಳಿಯುತ್ತಾ ಹೋಯಿತು, ನೊರೆ ಏರುತ್ತಾ ಬಂತು. ಪ್ರೋಬಿನ ತುದಿ ಮುಳುಗಿದ್ದೇ ತಡ, ಇಪ್ಪತ್ತೆಂಟಿದ್ದ ಅಂಕಿ ದಡದಡನೆ ಏರಿ ನಲವತ್ತರ ಆಚೆ ಹೋಗಿ ನಿಂತಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ತಣ್ಣನೆಯದು ಸೇರಿದ ಮೇಲೂ ಇಷ್ಟಿದ್ದರೆ, ಮೊದಲು ಎಷ್ಟಿತ್ತೋ. ಹೀಟರಿನ ಪಟ್ಟಿ ಬಿಚ್ಚಿ, ಒದ್ದೆ ಬಟ್ಟೆ ಸುತ್ತಿ, ಫ್ಯಾನು ತಿರುಗಿಸಿಟ್ಟರು. ಅಂಕಿ ನಿಧಾನಕ್ಕೆ ಇಳಿಯಿತು. ಒಳಗೆ ಏನು ಉಳಿದಿದೆ ಎಂದು ಅಂಕಿ ಹೇಳುವುದಿಲ್ಲ.

ಅಂಗಳದಲ್ಲಿ ಕಾರಿನ ಬಾಗಿಲು ಬಡಿದ ಸದ್ದಾಯಿತು.

“ಮೇಡಂ,” ಫ್ಯೂಸ್ ಮೇಷ್ಟ್ರು ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. “ನಾನು ಬೋರ್ಡು ತೋರಿಸ್ತೀನಿ, ಇವಳು ಪ್ರೋಗ್ರಾಂ ತೋರಿಸ್ಲಿ. ಬೆಳಗಿನ ಸ್ಯಾಂಪಲ್ ಸೂಕ್ಷ್ಮದರ್ಶಕದಲ್ಲೇ ಇದೆ. ಅದನ್ನೇ ನೋಡಿ ಹೋಗ್ಲಿ. ಪಾತ್ರೆ ತಂಟೆಗೆ ಹೋಗೋದು ಬೇಡ.”

ಅವಳು ಪಾತ್ರೆಗೆ ಸುತ್ತಿದ ಒದ್ದೆ ಬಟ್ಟೆಯ ಅಂಚು ಸರಿಮಾಡಿದಳು.

ಪರೀಕ್ಷಕಿ ವಯಸ್ಸಾದ ಹೆಂಗಸು. ಹೆಗಲಲ್ಲಿ ಬಟ್ಟೆಯ ಚೀಲ, ಕಣ್ಣಿಗೆ ದಪ್ಪ ಗಾಜು. ಮುಖ್ಯಸ್ಥರು ಹಿಂದೆ ಹಿಂದೆ ಬಂದು, ಕೋಣೆಯನ್ನು ಅಳೆಯುವವರ ಹಾಗೆ ಗೋಡೆಯಿಂದ ಗೋಡೆಗೆ ಕಣ್ಣಾಡಿಸಿದರು. ಪರೀಕ್ಷಕಿ ಬೋರ್ಡು ನೋಡಿದರು. ಹುಡುಗಿಗೆ ಎರಡು ಪ್ರಶ್ನೆ ಕೇಳಿದರು. ಆಮೇಲೆ ಒದ್ದೆ ಬಟ್ಟೆ ಸುತ್ತಿದ ಪಾತ್ರೆಯ ಮುಂದೆ ನಿಂತರು.

“ಇದಕ್ಕೇನು ಜ್ವರವಾ?”

ಸೆಮಿಕೋಲನ್ ಅವಳ ಮುಖ ನೋಡಿದಳು. ಬೆಳಗಿನ ಸ್ಯಾಂಪಲ್ ಅಲ್ಲೇ ಇತ್ತು, ಮೊಗ್ಗು ಬಿಟ್ಟುಕೊಂಡು, ಚೆನ್ನಾಗಿ. ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಆಗಿದ್ದದ್ದು ಅವಳ ಬಾಯಿಂದ ಬಂದುಬಿಟ್ಟಿತು. ಎಷ್ಟು ಸಲ ತೆಗೆದದ್ದು, ಜಗ್ಗು ತುಂಬಿದ್ದು, ಪ್ರೋಬ್ ಗಾಳಿಗೆ ಬಂದದ್ದು. ಮುಖ್ಯಸ್ಥರು ಕಿಟಕಿಯಾಚೆ ನೋಡತೊಡಗಿದರು. ಪರೀಕ್ಷಕಿ ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದ್ರೆ ಈಗ ಒಳಗೆ ಜೀವ ಇದೆಯೋ ಇಲ್ವೋ?”

“ಗೊತ್ತಿಲ್ಲ ಮೇಡಂ.”

“ಹೇಗೆ ಗೊತ್ತು ಮಾಡ್ಕೊಳ್ತೀರಿ? ಸ್ಯಾಂಪಲ್ ತೆಗೀತೀರಾ?”

ಕೈ ಸಿರಿಂಜಿನ ಕಡೆ ಹೋಗಿತ್ತು. ಅರ್ಧ ದಾರಿಯಲ್ಲಿ ನಿಂತಿತು.

“ಇಲ್ಲ,” ಎಂದಳು. “ಗಾಳಿ ನಿಲ್ಲಿಸಿ ನೋಡ್ತೀನಿ.”

ಈ ಪಾಠವನ್ನು ಪ್ರತಿ ವರ್ಷ ಅವಳೇ ಕಲಿಸುತ್ತಿದ್ದಳು. ಪಾತ್ರೆಗೆ ಗಾಳಿ ಬಿಡುವುದನ್ನು ನಿಲ್ಲಿಸಿದರೆ, ಒಳಗಿನ ಜೀವಗಳು ದ್ರವದಲ್ಲಿ ಕರಗಿದ ಆಮ್ಲಜನಕವನ್ನೇ ಉಸಿರಾಡಬೇಕು. ಆಮ್ಲಜನಕದ ಪ್ರೋಬಿನ ಅಂಕಿ ಇಳಿಯುತ್ತದೆ. ಉಸಿರಾಡುವವರೇ ಇಲ್ಲದಿದ್ದರೆ ಅಂಕಿ ಇದ್ದಲ್ಲೇ ಇರುತ್ತದೆ. ಒಳಗಿನಿಂದ ಒಂದು ತೊಟ್ಟನ್ನೂ ತೆಗೆಯಬೇಕಾಗಿಲ್ಲ. ಆದರೆ ಸ್ಯಾಂಪಲ್ಲಿನ ಹಾಗೆ ಇದನ್ನು ಮರೆಯಲ್ಲಿ ನೋಡಿಕೊಳ್ಳುವಂತಿರಲಿಲ್ಲ. ಅಂಕಿ ಇಳಿಯದಿದ್ದರೆ ಎಲ್ಲರ ಕಣ್ಣೆದುರಿಗೇ ಇಳಿಯುವುದಿಲ್ಲ.

ಅವಳು ಗಾಳಿಯ ತಿರುಪನ್ನು ಮುಚ್ಚಿದಳು. ಗುಳುಗುಳು ಎನ್ನುತ್ತಿದ್ದ ಪಾತ್ರೆ ಮೌನವಾಯಿತು.

ಅರವತ್ತೆರಡು.

ಕಲಕುವ ಕಡ್ಡಿ ಒಂದೇ ಸಮನೆ ತಿರುಗುತ್ತಿತ್ತು. ಫ್ಯಾನಿನ ಗಾಳಿಗೆ ಒದ್ದೆ ಬಟ್ಟೆಯ ಅಂಚು ಅಲ್ಲಾಡುತ್ತಿತ್ತು.

ಅರವತ್ತೆರಡು.

ಸೆಮಿಕೋಲನ್ ತುಟಿ ಕಚ್ಚಿಕೊಂಡಳು. ಮೇಷ್ಟ್ರು ಬೋರ್ಡಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಮುಖ್ಯಸ್ಥರೂ ಈಗ ಕಿಟಕಿ ಬಿಟ್ಟು ತಿರುಗಿದ್ದರು. ಇವಳಿಗೆ ಆ ಕುರ್ಚಿ ಕಾಣಿಸಿತು, ಅದರ ಮುಂದಿನ ಗೋಡೆಯ ಸುಣ್ಣದ ಬಿರುಕೂ ಕಾಣಿಸಿತು. ತಿರುಪನ್ನು ಮತ್ತೆ ತೆರೆದುಬಿಡಲೇ ಎಂದು ಬೆರಳು ತುಡಿಯಿತು. ಬೆರಳನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

ಅರವತ್ತೊಂದು.

ಅದನ್ನು ಯಾರೂ ನಂಬಲಿಲ್ಲ. ಒಂದು ಅಂಕಿ ಸುಮ್ಮನೆಯೂ ಅತ್ತಿತ್ತ ಆಗುತ್ತದೆ.

ಅರವತ್ತೊಂದು. ಅರವತ್ತು. ಸ್ವಲ್ಪ ನಿಂತು, ಐವತ್ತೊಂಬತ್ತು. ಬೆಳಿಗ್ಗೆ ಹೀಗೆ ಮಾಡಿದ್ದರೆ ಅಂಕಿ ಕಲ್ಲು ಬಾವಿಗೆ ಬಿದ್ದ ಹಾಗೆ ಬೀಳುತ್ತಿತ್ತು. ಇದು ಸೋತವರು ಮೆಟ್ಟಿಲಿಳಿಯುವ ಹಾಗೆ, ಒಂದೊಂದಕ್ಕೂ ನಿಂತು, ಸುಧಾರಿಸಿಕೊಂಡು ಇಳಿಯುತ್ತಿತ್ತು. ಆದರೆ ಇಳಿಯುತ್ತಿತ್ತು. ಐವತ್ತೇಳು. ಐವತ್ತಾರು.

“ಗಾಳಿ ಬಿಡಿ,” ಎಂದರು ಪರೀಕ್ಷಕಿ. “ಅದನ್ನ ಇನ್ನೂ ಸತಾಯಿಸ್ಬೇಡಿ.”

ಅವಳು ತಿರುಪು ತೆರೆದಳು. ಪಾತ್ರೆ ಮತ್ತೆ ಗುಳುಗುಳು ಎಂದಿತು.

“ಬಹಳ ಸತ್ತಿರತ್ತೆ,” ಎಂದರು ಪರೀಕ್ಷಕಿ, ಚೀಲವನ್ನು ಹೆಗಲಿಗೆ ಏರಿಸುತ್ತಾ. “ಉಳಿದದ್ದು ಬೆಳ್ಕೊಳ್ಳತ್ತೆ, ಯೀಸ್ಟು ಹಟಮಾರಿ. ಮೇಷ್ಟ್ರೇ, ಆ ಪ್ರೋಬ್ ತಳ ಮುಟ್ಟೋ ಹಾಗೆ ಉದ್ದದ್ದು ಹಾಕ್ಸಿ. ಏನಮ್ಮಾ ಹುಡುಗಿ, ಹೀಟರ್ ಎಷ್ಟು ಹೊತ್ತು ಆರದೆ ಉರೀಬಹುದು ಅಂತ ನಿನ್ನ ಪ್ರೋಗ್ರಾಮಿಗೆ ಒಂದು ಮಿತಿ ಹೇಳಿಕೊಡು. ಮುಂದಿನ ವರ್ಷ ಬಂದಾಗ ನೋಡ್ತೀನಿ.”

ಮುಖ್ಯಸ್ಥರು ಏನೋ ಹೇಳಲು ಬಾಯಿ ತೆರೆದರು. ಪರೀಕ್ಷಕಿ ಆಗಲೇ ಬಾಗಿಲ ಬಳಿ ಇದ್ದರು. “ರೂಮಲ್ಲಿ ಬೆಳಕು ಚೆನ್ನಾಗಿದೆ,” ಎಂದು ಅವರಿಗೆ ಹೇಳಿದರು, “ಇದನ್ನ ಎಲ್ಲಿಗೂ ಸಾಗಿಸ್ಬೇಡಿ.”

ಮುಂದಿನ ವರ್ಷ ಎಂಬ ಮಾತನ್ನು ಅವಳು ನಾಲಿಗೆಯ ಮೇಲೆ ಒಂದೆರಡು ಸಲ ಹೊರಳಿಸಿ ನೋಡಿದಳು. ಕೇಳಿದ್ದು ಸರಿಯೇ ಎಂದು ಸೆಮಿಕೋಲನ್ ಹತ್ತಿರ ಕೇಳಬೇಕೆನ್ನಿಸಿತು. ಹುಡುಗಿ ಆಗಲೇ ಮೇಷ್ಟ್ರ ಜೊತೆ ಮತ್ತೆ ಜಗಳಕ್ಕೆ ನಿಂತಿದ್ದಳು. ಗಿಡ್ಡ ಪ್ರೋಬ್ ತಂದದ್ದು ಯಾರು ಎಂದು ಇವಳು, ಮಿತಿ ಬರೆಯದೆ ಬಿಟ್ಟದ್ದು ಯಾರು ಎಂದು ಅವರು. ಜಗ್ಗನ್ನು ಹುಷಾರಾಗಿ ಎರಡೂ ಕೈಯಲ್ಲಿ ಎತ್ತಿ, ಅವಳು ಸಿಂಕಿಗೆ ಚೆಲ್ಲಿದಳು. ಬಹಳ ಹೊತ್ತು ಚೆಲ್ಲುತ್ತಲೇ ಇತ್ತು.

ಸಂಜೆ ಮನೆಗೆ ಬಂದು, ಚಹಾ ಕುಡಿಯುತ್ತಾ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ. ಲೋಟ ತೊಳೆದಿಟ್ಟು, “ಬೀಗ ಎಷ್ಟು ಸಲ ಎಳೆದೆ?” ಎಂದು ಕೇಳಿದ.

“ಎರಡು ಸಲ.”

“ಪರವಾಗಿಲ್ಲ, ಇಳಿದಿದೆ.”

ನಡುಮನೆಯಲ್ಲಿ ಮಗಳು ಪುಸ್ತಕ ತೆರೆದಿಟ್ಟು ಓದುತ್ತಿದ್ದವಳು ಅದರ ಮೇಲೇ ಕೆನ್ನೆಯಿಟ್ಟು ನಿದ್ದೆಹೋಗಿದ್ದಳು. ಅವಳು ಹೊಸ್ತಿಲ ಬಳಿ ನಿಂತಳು. ಒಂದು ಹೆಜ್ಜೆ ಒಳಗಿಟ್ಟಳು.

“ಏನೇ,” ಹಿಂದಿನಿಂದ ಗಂಡ ಮೆಲ್ಲಗೆ ಕೇಳಿದ, “ಸ್ಯಾಂಪಲ್ ಬೇಕಿತ್ತಾ?”

ಅವಳು ಅಲ್ಲೇ ನಿಂತಳು. ಮಗಳ ಮೂಗಿನ ಹತ್ತಿರ ಹಾಳೆಯ ಮೂಲೆಯೊಂದು ಏಳುತ್ತಿತ್ತು, ಕೂರುತ್ತಿತ್ತು. ಮತ್ತೆ ಏಳುತ್ತಿತ್ತು.